ಮಾಡಿನ ದುಡ್ಡು

ಗೃಹಪ್ರವೇಶ ಮುಗಿದ ಮಾರನೇ ದಿನ. ನೆಂಟರೆಲ್ಲ ಹೊರಟುಹೋಗಿದ್ದರು. ಬಾಗಿಲಿಗೆ ಕಟ್ಟಿದ ಮಾವಿನೆಲೆ ಇನ್ನೂ ಬಾಡಿರಲಿಲ್ಲ. ಅಪ್ಪಯ್ಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ, ಎದುರಿನ ಕಟ್ಟಡದ ನೀರಿನ ಟ್ಯಾಂಕುಗಳನ್ನು ನೋಡುತ್ತಿದ್ದರು. ಲೋಟ ಕೆಳಗಿಟ್ಟು ಕೇಳಿದರು: "ಮನೆ ಚೆನ್ನಾಗಿದೆ. ಇದಕ್ಕೆ ವರ್ಷಕ್ಕೆ ಎಷ್ಟು ಬೇಕು ಮಾರಾಯ್ತಿ?"

"ತಿಂಗಳಿಗೆ 44 ಸಾವಿರ ಕಂತು ಅಪ್ಪಯ್ಯ" ಅಂದೆ.

"ಅದು ಬ್ಯಾಂಕಿಗೆ ಅಲ್ವಾ? ನಾನು ಕೇಳಿದ್ದು ಮನೆಗೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆ ನೋಡಲು ಒಂದು ವರ್ಷ ಓಡಾಡಿದ್ದೆವು. ಕಾಗದಪತ್ರ ನೋಡಲು ವಕೀಲರನ್ನು ಹಿಡಿದಿದ್ದೆವು. ಸಾಲಕ್ಕೆ ಮೂರು ಬ್ಯಾಂಕ್ ಸುತ್ತಿದ್ದೆವು. ಅಡುಗೆಮನೆ ಕಲ್ಲಿನ ಬಣ್ಣಕ್ಕೇ ಎರಡು ಭಾನುವಾರ ಹೋಗಿತ್ತು. ಆದರೆ ಈ ಮನೆಯಲ್ಲಿ ಸುಮ್ನೆ ಇರೋದಕ್ಕೆ ವರ್ಷಕ್ಕೆ ಎಷ್ಟು ಬೇಕು ಅಂತ ನಾವಿಬ್ಬರೂ ಒಂದು ಸಲವೂ ಕೂತು ಲೆಕ್ಕ ಹಾಕಿರಲಿಲ್ಲ.

ಅಪ್ಪಯ್ಯನಿಗೆ ಆ ಪ್ರಶ್ನೆ ಯಾಕೆ ಮೊದಲು ಹೊಳೆಯಿತು ಅನ್ನೋದು ನನಗೆ ಗೊತ್ತು. ನಮ್ಮದು ತೀರ್ಥಹಳ್ಳಿ ಕಡೆಯ ಹಂಚಿನ ಮನೆ. ಅಡಿಕೆ ಮಾರಿ ಮಂಡಿಯಿಂದ ಬಂದ ದಿನ ಅಪ್ಪಯ್ಯ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಮಂಡಿಯ ಹೆಸರು ಅಚ್ಚಾದ ಉದ್ದನೆಯ ಲಕೋಟೆಗೆ ಒಂದಿಷ್ಟು ನೋಟು ಹಾಕಿ, ಮೇಲೆ ಪೆನ್ಸಿಲಿನಲ್ಲಿ 'ಮಾಡು' ಅಂತ ಬರೆದು, ದೇವರ ಕೋಣೆಯ ಡ್ರಾಯರಿನಲ್ಲಿ ಇಡುತ್ತಿದ್ದರು. ನಮ್ಮ ಕಡೆ ಚಾವಣಿಗೆ ಮಾಡು ಅನ್ನುತ್ತೇವೆ. ಹೆಸರು ಮಾಡಿನ ದುಡ್ಡು ಅಂತಿದ್ದರೂ ಇಡೀ ಮನೆಯ ಖರ್ಚು ಅದರಲ್ಲೇ ನಡೆಯುತ್ತಿತ್ತು. ಮೇ ತಿಂಗಳಲ್ಲಿ ಆಳುಗಳು ಬಂದು ಹಂಚು ಕೈಯಾಡಿಸುತ್ತಿದ್ದರು. ಒಡೆದದ್ದು ತೆಗೆದು ಹೊಸದು ಕೂರಿಸೋದು, ಒರಲೆ ಹಿಡಿದ ರೀಪು ಬದಲಿಸೋದು, ಮಳೆ ಬಡಿಯುವ ಕಡೆ ಗೋಡೆಗೆ ಸೋಗೆ ಕಟ್ಟೋದು, ದಸರಾಕ್ಕೆ ಸುಣ್ಣ ಬಳಿಸೋದು, ಬಾವಿಯ ಪಂಪು ಕೆಟ್ಟರೆ ಅದು. ಅಕ್ಕನ ಮದುವೆಯ ವರ್ಷ ಕೈ ತುಂಬಾ ಬಿಗಿಯಾಗಿತ್ತು. ಆಗಲೂ ಆ ಲಕೋಟೆ ಮುಟ್ಟಲಿಲ್ಲ. ಅಮ್ಮ ಕೇಳಿದ್ದಕ್ಕೆ "ಮಳೆಗೆ ನಮ್ಮ ಮದುವೆ ಗೊತ್ತಿರಲ್ಲ" ಅಂದಿದ್ದರು.

ಇಂಥ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಬೆಂಗಳೂರಿಗೆ ಬಂದು ಮನೆ ಕೊಳ್ಳುವಾಗ ಆ ಲಕೋಟೆ ನನಗೆ ನೆನಪಾಗಲೇ ಇಲ್ಲ. ಅಪಾರ್ಟ್‌ಮೆಂಟ್ ಅಂದರೆ ಕಾಂಕ್ರೀಟು, ಹಂಚಿಲ್ಲ, ಕೈಯಾಡಿಸೋದಿಲ್ಲ ಅಂತ ಮನಸ್ಸು ಅಂದುಕೊಂಡುಬಿಟ್ಟಿತ್ತೋ ಏನೋ.

ನಾವು ಬುಕ್ ಮಾಡಿದ್ದು 2022ರ ಫೆಬ್ರುವರಿಯಲ್ಲಿ. ಕನಕಪುರ ರಸ್ತೆ, ತಲಘಟ್ಟಪುರದ ಹತ್ತಿರ. ಒಂದು ವರ್ಷದ ಹಿಂದಷ್ಟೇ ಅಲ್ಲಿಯವರೆಗೆ ಮೆಟ್ರೋ ಬಂದಿತ್ತು. ಎರಡು ಬೆಡ್‌ರೂಮ್, 1,180 ಚದರಡಿ, 68 ಲಕ್ಷ. ಸಾಲ 48 ಲಕ್ಷ. ಆಗ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ 4 ಇತ್ತು, ನಮಗೆ ಹೇಳಿದ ಬಡ್ಡಿ ಶೇ 6.8. ಇಪ್ಪತ್ತು ವರ್ಷಕ್ಕೆ ಕಂತು ಸುಮಾರು 36,600. ಸೇಲ್ಸ್ ಆಫೀಸಿನ ಹುಡುಗ ಆ ಸಂಖ್ಯೆಯನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು, ಸುತ್ತ ಒಂದು ವೃತ್ತ ಎಳೆದು ನಮ್ಮ ಕೈಗೆ ಕೊಟ್ಟ. ಆ ಕಾಗದ ಫ್ರಿಜ್ ಮೇಲೆ ಬಹಳ ದಿನ ಅಂಟಿಕೊಂಡಿತ್ತು. ನಮ್ಮಿಬ್ಬರ ಪಾಲಿಗೆ ಮನೆ ಅಂದರೆ ಆ ಸಂಖ್ಯೆಯೇ ಆಗಿಹೋಯಿತು.

ಅದೇ ವರ್ಷ ಮೇ ತಿಂಗಳಿನಿಂದ ರೆಪೋ ಏರತೊಡಗಿತು. 2023ರ ಫೆಬ್ರುವರಿಗೆ ಶೇ 6.5. ನಮ್ಮ ಸಾಲದ ಬಡ್ಡಿ ರೆಪೋಗೆ ಜೋಡಿಸಿದ್ದು, ಹಾಗಾಗಿ ಅದೂ ಶೇ 9.3ಕ್ಕೆ ಹೋಯಿತು. 2023ರ ನವೆಂಬರಿನಲ್ಲಿ ಕೀ ಕೈಗೆ ಬಂದಾಗ ಕಂತು 44,100. ಕಾಗದದಲ್ಲಿದ್ದದ್ದಕ್ಕಿಂತ ಏಳೂವರೆ ಸಾವಿರ ಜಾಸ್ತಿ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ 5 ಜಿಎಸ್‌ಟಿ 3,40,000. ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಎಲ್ಲ ಸೇರಿ ಶೇ 6.6, ಅಂದರೆ 4,48,800. ಈಗ ಕೊಳ್ಳುವವರು ಇದನ್ನು ಶೇ 7.6 ಅಂತ ಹಿಡಿಯಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ.

ಇದೆಲ್ಲ ಒಂದು ಸಲದ ಖರ್ಚು. ಯಾರನ್ನು ಕೇಳಿದರೂ ಹೇಳುತ್ತಾರೆ. ಕಟ್ಟಿ ಮುಗಿಸಿದರೆ ಮುಗಿಯಿತು. ನಾನು ಬರೆಯಲು ಕೂತಿದ್ದು ಮುಗಿಯದ ಖರ್ಚಿನ ಬಗ್ಗೆ.

ಅದಕ್ಕೆ ಮೊದಲು ಬಾಡಿಗೆ ಮನೆಯ ಮಾತು. ನಾವಿದ್ದದ್ದು ಹನುಮಂತನಗರದಲ್ಲಿ, ನೆಲಮಹಡಿ, ಬಾಡಿಗೆ 19 ಸಾವಿರ. ಮೇಲೆ ಓನರ್ ಆಂಟಿ ಇದ್ದರು. ಮೋಟರ್ ಸುಟ್ಟುಹೋದಾಗ ಆಂಟಿ ಯಾರಿಗೋ ಫೋನ್ ಮಾಡಿದರು, ಸಂಜೆಗೆ ಸರಿಯಾಯಿತು. ವರ್ಷಕ್ಕೊಮ್ಮೆ ಸಂಪು ತೊಳೆಸುತ್ತಿದ್ದರು. ಬಚ್ಚಲಿನ ಗೋಡೆ ಊದಿಕೊಂಡಾಗ ಗಾರೆಯವರನ್ನು ಕರೆಸಿದರು. ಕಂದಾಯ ಅವರೇ ಕಟ್ಟುತ್ತಿದ್ದರು. ಬಾಡಿಗೆ ಏರಿಸಿದಾಗೆಲ್ಲ ನಾವು ಗೊಣಗುತ್ತಿದ್ದೆವು. ಆ 19 ಸಾವಿರದೊಳಗೆ ಮೋಟರ್, ಸಂಪು, ಗೋಡೆ, ಕಂದಾಯ ಎಲ್ಲವೂ ಇತ್ತು ಅನ್ನೋದು ಕಣ್ಣಿಗೆ ಬಿದ್ದಿರಲಿಲ್ಲ. ಬಾಡಿಗೆ ಸುಮ್ನೆ ನೀರಿಗೆ ಹೋಗುವ ದುಡ್ಡು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಪೂರ್ತಿ ನಿಜವಲ್ಲ. ಅದರಲ್ಲಿ ಒಂದು ಪಾಲು ಆ ಮನೆಯ ಮಾಡಿನ ದುಡ್ಡು. ಆಂಟಿ ನಮ್ಮ ಪರವಾಗಿ ಅದನ್ನು ಎತ್ತಿಡುತ್ತಿದ್ದರು.

ಸ್ವಂತ ಮನೆಯಲ್ಲಿ ಮೊದಲು ಎದುರಾದದ್ದು ಮೇಂಟೆನೆನ್ಸ್. ಚದರಡಿಗೆ ಮೂರೂವರೆ ರೂಪಾಯಿ ಅಂತ ಮೊದಲೇ ಹೇಳಿದ್ದರು. ನಮ್ಮನೆಯವರು ಟೇಪು ಹಿಡಿದು ಅಳೆದಂತೆ ಒಳಗಿನ ಜಾಗ 800 ಚದರಡಿಯ ಆಸುಪಾಸು, ಹಾಗಾಗಿ 2,800 ಅಂತ ಬರೆದಿಟ್ಟುಕೊಂಡಿದ್ದರು. ಬಿಲ್ ಬಂದದ್ದು 1,180 ಚದರಡಿಗೆ, 4,130. ಲಿಫ್ಟಿನ ಮುಂದಿನ ಜಾಗ, ಮೆಟ್ಟಿಲು, ಕೆಳಗಿನ ಹಾಲ್, ಎಲ್ಲದರಲ್ಲೂ ನಮ್ಮ ಪಾಲು ಸೇರಿಸಿದ ಸೂಪರ್ ಬಿಲ್ಟಪ್ ಲೆಕ್ಕ ಅದು. ಕೊಳ್ಳುವಾಗ ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗಿನ ಜಾಗ, ಎಷ್ಟು ಅಂತ ಬರೆದು ಕೊಟ್ಟಿರುತ್ತಾರೆ. ಮೇಂಟೆನೆನ್ಸ್ ಬಿಲ್ ಮಾತ್ರ ಬಹಳ ಕಡೆ ಹಳೇ ಅಳತೆಯಲ್ಲೇ ನಡೆಯುತ್ತದೆ. ಯಾವ ಅಳತೆಗೆ ಎಷ್ಟು ರೂಪಾಯಿ ಅನ್ನೋ ಒಂದೇ ಪ್ರಶ್ನೆ ನಾವು ಕೇಳಿದ್ದರೆ ಸಾಕಿತ್ತು. ಕೀ ಕೊಡುವ ದಿನ ಒಂದು ವರ್ಷದ್ದು ಮುಂಗಡ 49,560, ಅದರ ಮೇಲೆ ಜಿಎಸ್‌ಟಿ. ಜೊತೆಗೆ ಕಟ್ಟಡದ ಮುಂದಿನ ದೊಡ್ಡ ಖರ್ಚಿಗೆ ಅಂತ ಕೂಡಿಡುವ ಕಾರ್ಪಸ್ ಫಂಡ್ ಚದರಡಿಗೆ 50ರಂತೆ 59,000. ಪರದೆ, ಕಪಾಟು ಅಂತ ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಸರಿಹೋಯಿತು.

ಒಂದು ವರ್ಷದ ನಂತರ ಬಿಲ್ಡರ್ ಕೈಯಿಂದ ಕಟ್ಟಡ ನಿವಾಸಿಗಳ ಸಂಘಕ್ಕೆ ಬಂತು. ಮೊದಲ ಸಭೆ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ. ಕಾರುಗಳನ್ನು ಆಚೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಖಜಾಂಚಿ ನಿವೃತ್ತ ಮೇಷ್ಟ್ರು. ಒಂದು ಉದ್ದನೆಯ ರೂಲು ಪುಸ್ತಕ ತೆಗೆದು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಸಾಲು ಓದಿದರು. ಎರಡು ಲಿಫ್ಟಿನ ವಾರ್ಷಿಕ ನಿರ್ವಹಣೆ ಒಪ್ಪಂದ. ಜನರೇಟರಿನ ಡೀಸೆಲ್. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಅದನ್ನು ನೋಡಿಕೊಳ್ಳುವವರ ಸಂಬಳ, ಅದರ ಮೋಟರುಗಳು ದಿನವಿಡೀ ಎಳೆಯುವ ಕರೆಂಟು. ಬೆಂಕಿ ಆರಿಸುವ ಪಂಪು. ಕಸ ಗುಡಿಸುವವರು. ಗೇಟ್ ಒಂದೇ ಆದರೂ ಹಗಲು ರಾತ್ರಿ ಸೇರಿ ನಾಲ್ಕು ಜನ ಕಾವಲಿನವರು. ಓದಿ ಮುಗಿಸಿ ಮೇಷ್ಟ್ರು ಹೇಳಿದರು, "ಮೂರೂವರೆಯಲ್ಲಿ ಇದು ನಡೆಯಲ್ಲ. ಇಷ್ಟು ದಿನ ಕಡಿಮೆ ಬಿದ್ದದ್ದನ್ನು ಬಿಲ್ಡರ್ ಹಾಕುತ್ತಿದ್ದರು. ಇನ್ನು ಮುಂದೆ ಹಾಕಲ್ಲ."

ಗಲಾಟೆ ಆಯಿತು. ಕಾವಲಿನವರನ್ನು ನಾಲ್ಕರಿಂದ ಎರಡು ಮಾಡಿ ಅಂತ ಒಬ್ಬರು. ಅವರ ಸಂಬಳ ಚೌಕಾಸಿ ಮಾಡಿ ಅಂತ ಇನ್ನೊಬ್ಬರು. ನನಗೆ ಆ ಮಾತು ಹಿಡಿಸಲಿಲ್ಲ, ಎದ್ದು ನಿಂತು ಹೇಳಿದೆ ಕೂಡ. ನಮ್ಮ ಮಗಳು ಶಾಲೆಯಿಂದ ಬರುವಾಗ ಗೇಟಿನಲ್ಲಿ ಇರುವವರು ಅವರು. ನಾವು ಲೆಕ್ಕ ಹಾಕದೆ ಮನೆ ಕೊಂಡೆವು ಅಂತ ಅವರ ಹೊಟ್ಟೆಗೆ ಕೈ ಹಾಕುವುದು ತಪ್ಪು. ಕೊನೆಗೆ ನಾಲ್ಕೂವರೆಗೆ ಒಪ್ಪಿಗೆ ಆಯಿತು. ನಮ್ಮ ಮನೆಗೆ ತಿಂಗಳಿಗೆ 5,310.

ಹೊಸ ಕಟ್ಟಡದಲ್ಲಿ ಮನೆ ನೋಡುತ್ತಿರುವವರಿಗೆ ಹೇಳೋದು ಇಷ್ಟೇ. ಬಿಲ್ಡರ್ ಹೇಳುವ ಮೇಂಟೆನೆನ್ಸ್ ದರ ಮೊದಲ ವರ್ಷದ ದರ. ಅದೇ ರಸ್ತೆಯಲ್ಲಿ ಐದಾರು ವರ್ಷ ಹಳೆಯ, ಅಷ್ಟೇ ಮನೆಗಳಿರುವ ಕಟ್ಟಡಕ್ಕೆ ಹೋಗಿ, ಅಲ್ಲಿನವರು ಎಷ್ಟು ಕಟ್ಟುತ್ತಾರೆ ಅಂತ ಕೇಳಿ. ಲೆಕ್ಕಕ್ಕೆ ಆ ಸಂಖ್ಯೆ ಹಿಡಿಯಿರಿ. ಇನ್ನೊಂದು ಗೆರೆ ಇದೆ. ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿ, ಸಂಘದ ವರ್ಷದ ವಹಿವಾಟು 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ ಬೀಳುತ್ತದೆ. ನಮ್ಮಂಥ ಎರಡು ಬೆಡ್‌ರೂಮಿನವರಿಗೆ ಆ ಗೆರೆ ಸ್ವಲ್ಪ ದೂರ. ಮೂರು ಬೆಡ್‌ರೂಮಿನವರಿಗೆ ತೀರಾ ಹತ್ತಿರ.

ಇನ್ನು ನೀರು. ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು.

ಹನುಮಂತನಗರದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬೀಳುತ್ತಿತ್ತು. ಬಿಲ್ ಎಷ್ಟು ಅಂತ ನೆನಪಿಟ್ಟುಕೊಳ್ಳುವಷ್ಟೂ ಇರುತ್ತಿರಲಿಲ್ಲ. ಹೊಸ ಮನೆಯಲ್ಲಿ ಮೂರು ಬೋರ್‌ವೆಲ್, ಸಾಲದಿದ್ದರೆ ಟ್ಯಾಂಕರ್. ಮೇಂಟೆನೆನ್ಸ್ ಬೇರೆ, ನೀರಿನ ಬಿಲ್ ಬೇರೆ. 2024ರ ಜನವರಿಯಲ್ಲಿ ನೀರಿಗೆ 410 ಬಂದಿತ್ತು. ಪರವಾಗಿಲ್ಲ ಅಂದುಕೊಂಡೆವು.

ಫೆಬ್ರುವರಿ ಕೊನೆಗೆ ಎರಡು ಬೋರ್‌ವೆಲ್ ನಿಂತವು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಊರಲ್ಲೆಲ್ಲ ಅದೇ ಕಥೆ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು ಮಾತ್ರ ನೀರು ಬಿಡುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿ ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿ, ಮೇಲೆ ತಟ್ಟೆ ಮುಚ್ಚಿ ಸಾಲಾಗಿ ಇಟ್ಟಿದ್ದರು. ಅಕ್ಕಿ ತೊಳೆದ ನೀರು ತುಳಸಿ ಗಿಡಕ್ಕೆ. ಬಟ್ಟೆ ಹಿಂಡಿದ ನೀರು ಬಚ್ಚಲಿಗೆ. ರಾತ್ರಿ ಎರಡು ಗಂಟೆಗೆ ಟ್ಯಾಂಕರ್ ರಿವರ್ಸ್ ಬರುವ ಸದ್ದು ಕೇಳಿದರೆ ಎಲ್ಲರಿಗೂ ಎಚ್ಚರ. ಆ ಸದ್ದಿಗೆ ಸಮಾಧಾನ ಆಗುತ್ತಿತ್ತು, ನಾಳೆಗೆ ನೀರಿದೆ ಅಂತ.

ಲೆಕ್ಕ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ನಗರಗಳ ನೀರು ಪೂರೈಕೆಗೆ ಹಿಡಿಯುವ ಅಳತೆ. ನಾಲ್ಕು ಜನಕ್ಕೆ 540. ನಮ್ಮಲ್ಲಿ 80 ಮನೆ, ಅಂದರೆ ದಿನಕ್ಕೆ 43,200 ಲೀಟರ್. 12,000 ಲೀಟರಿನ ಟ್ಯಾಂಕರ್ ದಿನಕ್ಕೆ ಮೂರೂವರೆಗಿಂತ ಜಾಸ್ತಿ ಬೇಕು. ಆ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು. 12,000 ಲೀಟರಿಗೆ 5 ಕಿಲೋಮೀಟರ್ ಒಳಗಾದರೆ 1,000, ಹತ್ತರವರೆಗೆ 1,200. ಅದಕ್ಕೆ ಮೊದಲು ನಾವು 2,000 ಕೊಟ್ಟದ್ದೂ ಇದೆ. ಎಲ್ಲ ನೀರೂ ಟ್ಯಾಂಕರಿನದೇ ಅಂದುಕೊಂಡರೆ, 1,200ರ ದರದಲ್ಲಿ ಒಂದು ಮನೆಗೆ ತಿಂಗಳಿಗೆ 1,620. ಎರಡು ಸಾವಿರದ ದರದಲ್ಲಿ 2,700. ಒಂದು ಬೋರ್‌ವೆಲ್ ಅಷ್ಟಿಷ್ಟು ಕೊಡುತ್ತಿದ್ದುದರಿಂದ ಮಾರ್ಚಿನ ನಮ್ಮ ಬಿಲ್ 1,760ಕ್ಕೆ ನಿಂತಿತು. ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ದಂಡ ಅಂತ ಜಲಮಂಡಳಿ ಹೇಳಿದ್ದೂ ಆಗಲೇ. ನಲ್ಲಿಗಳಿಗೆ ನೀರು ಕಡಿಮೆ ಬಿಡುವ ಏರೇಟರ್ ಹಾಕಿಸಿದೆವು. ಅದು ಒಳ್ಳೇ ಕೆಲಸ, ಇವತ್ತಿಗೂ ತೆಗೆದಿಲ್ಲ.

2024ರ ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಶುರುವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ನಮಗೆ ಹಬ್ಬ ಬಂದಂತಾಯಿತು. ಆದರೆ ಸಂಪರ್ಕ ತೆಗೆದುಕೊಳ್ಳಲು ಕಟ್ಟುವ ಪ್ರೊರೇಟಾ ಶುಲ್ಕ, ಪೈಪು, ರಸ್ತೆ ಅಗೆದದ್ದರ ಖರ್ಚು, ಎಲ್ಲ ಮನೆಮನೆಗೆ ಹಂಚಿ ಎತ್ತಬೇಕಾಯಿತು. 2025ರ ಏಪ್ರಿಲಿನಲ್ಲಿ ನೀರಿನ ದರವೂ ಏರಿತು. 2014ರ ನಂತರ ಅದೇ ಮೊದಲು, ಹಾಗಾಗಿ ಏರಿಸಿದ್ದು ಅನ್ಯಾಯ ಅಂತ ನಾನು ಹೇಳಲಾರೆ. ಈಗ ವರ್ಷದ ಸರಾಸರಿ ತೆಗೆದರೆ ನೀರಿಗೆ ನಮಗೆ ತಿಂಗಳಿಗೆ 800 ಬೀಳುತ್ತದೆ. ಬೋರ್‌ವೆಲ್ ಗಡಸು ನೀರಿನ ಖರ್ಚು ಅದರಲ್ಲಿ ಬರುವುದಿಲ್ಲ. ಒಂದೂವರೆ ವರ್ಷಕ್ಕೆ ಗೀಸರಿನ ಕಾಯಿಲ್ ಬಿಚ್ಚಿದಾಗ ಬಿಳಿ ಸುಣ್ಣ ಹೆಬ್ಬೆರಳಿನಷ್ಟು ದಪ್ಪಕ್ಕೆ ಕೂತಿತ್ತು. ರಿಪೇರಿಗೆ ಬಂದವರು ಅದನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ, ಪೇಪರ್ ಮೇಲೆ ಉದುರಿಸಿ ತೋರಿಸಿದರು.

ಕರೆಂಟಿನದ್ದು ಚಿಕ್ಕ ಮಾತು, ಆದರೆ ಯಾರೂ ಹೇಳುವುದಿಲ್ಲ. 2023ರ ಆಗಸ್ಟಿನಿಂದ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯ ಸೊನ್ನೆ ಬಿಲ್ ಬರುತ್ತಿತ್ತು. ಹಳೇ ಮನೆಯಲ್ಲಿ ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ 145 ಯೂನಿಟ್ ನಮ್ಮ ಪಾಲು. ಹೊಸ ಮನೆಗೆ ಹಿಂದಿನ ವರ್ಷ ಅನ್ನೋದೇ ಇಲ್ಲವಲ್ಲ, ಹಾಗಾಗಿ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇ 10 ಸೇರಿಸಿ 58. ನಾವು ಸುಡುವುದು 140ರ ಹತ್ತಿರ. ಉಳಿದದ್ದಕ್ಕೆ ಕೈಯಿಂದ ಕಟ್ಟಬೇಕು, ಜನರೇಟರಿನ ಯೂನಿಟ್ ಬೇರೆ. ಎಲ್ಲ ಸೇರಿ 700. ಬಜೆಟ್‌ನಲ್ಲಿ ಕರೆಂಟಿಗೆ ನಾವು ಸೊನ್ನೆ ಬರೆದಿದ್ದೆವು.

ಕಂದಾಯ ವರ್ಷಕ್ಕೆ ಸುಮಾರು 5 ಸಾವಿರ. ಏಪ್ರಿಲಿನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ಆ ತಿಂಗಳು ತಪ್ಪಿಸಬೇಡಿ. 2025ರಿಂದ ಕಸದ ಶುಲ್ಕವೂ ಅದರ ಜೊತೆ ಸೇರಿದೆ. ನಮ್ಮ ಅಳತೆಯ ಮನೆಗೆ ತಿಂಗಳಿಗೆ 100, ವರ್ಷಕ್ಕೆ 1,200. ಮನೆಗೆ ವಿಮೆ ವರ್ಷಕ್ಕೆ 3 ಸಾವಿರದಷ್ಟು. ಸಾಲದ ಜೊತೆ ಬ್ಯಾಂಕಿನವರು ಮಾರುವ ವಿಮೆ ಬೇರೆ, ಮನೆಗೆ ಮಾಡಿಸುವ ವಿಮೆ ಬೇರೆ. ಕಟ್ಟಡಕ್ಕೂ ಸಾಮಾನಿಗೂ ಸೇರಿಸಿ ಭಾರತ್ ಗೃಹ ರಕ್ಷಾ ಅಂತ 2021ರಿಂದ ಎಲ್ಲ ಕಂಪನಿಗಳಲ್ಲೂ ಒಂದೇ ನಮೂನೆಯ ಪಾಲಿಸಿ ಇದೆ, ಅದನ್ನೇ ತೆಗೆದುಕೊಂಡೆವು. ನಮ್ಮನೆಯವರ ಓಡಾಟದ ಖರ್ಚೂ ಜಾಸ್ತಿಯಾಯಿತು. ಮೊದಲು ಒಂದು ಬಸ್ಸು ಸಾಕಿತ್ತು. ಈಗ ಮೆಟ್ರೋ, ಅದರ ದರ 2025ರ ಫೆಬ್ರುವರಿಯಲ್ಲಿ ಏರಿ, 60 ಇದ್ದ ಗರಿಷ್ಠ ಟಿಕೆಟ್ 90 ಆಯಿತು. ಇದನ್ನು ನಾನು ಮನೆಯ ಲೆಕ್ಕದಲ್ಲಿ ಹಿಡಿದಿಲ್ಲ, ಆದರೂ ಮನೆಯಿಂದಲೇ ಬಂದ ಖರ್ಚು ಅಲ್ವಾ?

ಎಲ್ಲಕ್ಕಿಂತ ಕೊನೆಗೆ ಅರ್ಥವಾದದ್ದು ರಿಪೇರಿ. ಅದಕ್ಕೆ ಬಿಲ್ ಬರುವ ದಿನ ಅಂತ ಇಲ್ಲ. ಎರಡನೇ ಮಳೆಗಾಲದಲ್ಲಿ ಮಗಳ ರೂಮಿನ ಮೂಲೆಯಲ್ಲಿ ಗೋಡೆ ಬೆವರತೊಡಗಿತು. ಕೈ ಇಟ್ಟರೆ ತಣ್ಣಗೆ, ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಹೊರಗೋಡೆಯ ಬಿರುಕು. ಕಟ್ಟಡದ ರಚನೆಯ ದೋಷ, ಕೆಲಸದ ದೋಷ ಇದ್ದರೆ ಕೀ ಕೊಟ್ಟ ದಿನದಿಂದ ಐದು ವರ್ಷ ಬಿಲ್ಡರ್ ಸರಿಮಾಡಿಕೊಡಬೇಕು ಅಂತ ರೇರಾ ಕಾಯ್ದೆಯಲ್ಲಿದೆ. ಫೋಟೊ ತೆಗೆದು, ಬರೆದು ಕಳಿಸಿ, ಹಿಂದೆ ಬಿದ್ದು ಮಾಡಿಸಿಕೊಂಡೆವು. ಬಿರುಕು ಅವರು ಮುಚ್ಚಿದರು. ಒಳಗಿನ ಬಣ್ಣ, ಊದಿಹೋದ ಕಪಾಟಿನ ಹಿಂಬದಿ ನಮ್ಮ ಖರ್ಚು. ನಲ್ಲಿಯ ವಾಷರ್, ಫಿಲ್ಟರಿನ ಕ್ಯಾಂಡಲ್, ಫ್ಲಶ್ ಟ್ಯಾಂಕು, ಬಾಲ್ಕನಿಯ ಜಾಲರಿ. ಐದಾರು ವರ್ಷಕ್ಕೊಮ್ಮೆ ಬರುವ ಪೇಂಟಿಂಗ್. ಇವಕ್ಕೆಲ್ಲ ಅಂತ ತಿಂಗಳಿಗೆ 3 ಸಾವಿರ ಎತ್ತಿಡುತ್ತೇವೆ. ಮೊದಲ ವರ್ಷ ಅಷ್ಟು ಖರ್ಚಾಗುವುದಿಲ್ಲ, ಆಗ ಇದು ಸುಮ್ನೆ ಕೂಡಿದ ಹಾಗೆ ಕಾಣುತ್ತದೆ. ನಾಲ್ಕನೇ ವರ್ಷಕ್ಕೆ ಅದೇ ಕೈಹಿಡಿಯುತ್ತದೆ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಎಲ್ಲ ಬಿಲ್ ಹರಡಿಕೊಂಡು ಕೂತೆವು. ಮೇಂಟೆನೆನ್ಸ್ 5,310. ನೀರು 800. ಕರೆಂಟು 700. ಕಂದಾಯ, ಕಸ ಸೇರಿ ತಿಂಗಳಿಗೆ 520. ವಿಮೆ 250. ರಿಪೇರಿಗೆ 3,000. ಒಟ್ಟು 10,580. ವರ್ಷಕ್ಕೆ 1,26,960. ನಮ್ಮನೆಯವರು ಅದನ್ನು ಇಪ್ಪತ್ತರಿಂದ ಗುಣಿಸಿದರು, ಸಾಲ ತೀರುವಷ್ಟು ವರ್ಷಕ್ಕೆ. ಯಾವ ದರವೂ ಒಂದು ರೂಪಾಯಿ ಏರದಿದ್ದರೂ 25 ಲಕ್ಷ ದಾಟಿತು. ನಮ್ಮ ಸಾಲದ ಅಸಲೇ 48 ಲಕ್ಷ. ಅದರ ಅರ್ಧಕ್ಕಿಂತ ಜಾಸ್ತಿ ದುಡ್ಡಿನ ಬಗ್ಗೆ ಬುಕ್ ಮಾಡುವ ದಿನ ನಮ್ಮಲ್ಲಿ ಒಂದು ಮಾತೂ ಬಂದಿರಲಿಲ್ಲ. ಸಾಲವಾದರೂ ಒಂದು ದಿನ ತೀರುತ್ತದೆ. ಇದು ನಾವು ಆ ಮನೆಯಲ್ಲಿ ಇರುವಷ್ಟು ದಿನವೂ ಇರುತ್ತದೆ, ನಮಗೆ ಸಂಬಳ ಬರುವುದು ನಿಂತ ಮೇಲೂ.

ಅವತ್ತೇ ಒಂದು ಬೇರೆ ಉಳಿತಾಯ ಖಾತೆ ತೆರೆದೆವು. ಫೋನಿನಲ್ಲಿ ಅದಕ್ಕೆ 'ಮಾಡು' ಅಂತ ಹೆಸರಿಟ್ಟಿದ್ದೇನೆ. ಸಂಬಳ ಬಂದ ಮಾರನೇ ದಿನ 10,600 ಅಲ್ಲಿಗೆ ಹೋಗುತ್ತದೆ. ಮನೆಯ ಬಿಲ್ ಎಲ್ಲವೂ ಅಲ್ಲಿಂದಲೇ. ಖರ್ಚಾಗದ ತಿಂಗಳಲ್ಲೂ ಆ ದುಡ್ಡನ್ನು ಬೇರೆಯದಕ್ಕೆ ಮುಟ್ಟುವುದಿಲ್ಲ. 2025ರಲ್ಲಿ ರೆಪೋ ಇಳಿಯುತ್ತಾ ಬಂದು ಡಿಸೆಂಬರಿಗೆ ಶೇ 5.25 ಆಯಿತು. ನಮ್ಮ ಕಂತೂ ಇಳಿಯಿತು. ಕಂತು ಇಳಿಸದೆ ಅವಧಿಯನ್ನೇ ಇಳಿಸಿಕೊಂಡರೆ ಬಡ್ಡಿ ಉಳಿಯುತ್ತದೆ ಅಂತ ನಮ್ಮನೆಯವರ ವಾದ. ಲೆಕ್ಕದಲ್ಲಿ ಅವರದ್ದೇ ಸರಿ. ಆದರೂ ಉಳಿದ ದುಡ್ಡನ್ನು ಒಂದು ವರ್ಷ ಮಾಡಿನ ಖಾತೆಗೇ ಹಾಕೋಣ ಅಂತ ನಾನು ಹಟ ಹಿಡಿದೆ. ಆ ಖಾತೆಯಲ್ಲಿ ಆರು ತಿಂಗಳ ದುಡ್ಡು ಕೂತಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತದೆ.

ಮನೆ ಕೊಂಡ ಮೇಲೆ ಇದೆಲ್ಲ ಕಲಿಯುವುದು ತಡವಾದ ಕಲಿಕೆ. ನನ್ನ ಚಿಕ್ಕಪ್ಪನ ಮಗ ನಾಗರಬಾವಿಯಲ್ಲಿ ಬಾಡಿಗೆಗಿದ್ದಾನೆ. ಹೋದ ವರ್ಷ ಒಂದು ಮನೆ ನೋಡಿ, ಅಡ್ವಾನ್ಸ್ ಕೊಡುವ ಮೊದಲು ನನಗೆ ಫೋನ್ ಮಾಡಿದ. "ಕೊಡಬೇಡ, ಆರು ತಿಂಗಳು ಆ ಮನೆಯ ಖರ್ಚನ್ನು ಬದುಕಿ ನೋಡು" ಅಂದೆ. 44 ಲಕ್ಷ ಸಾಲ, ಶೇ 8 ಬಡ್ಡಿ, ಕಂತು 36,800. ಆ ಕಟ್ಟಡದ ನಿವಾಸಿಯೊಬ್ಬರ ಹತ್ತಿರ ಹನ್ನೆರಡು ತಿಂಗಳ ಬಿಲ್ ಕೇಳಿ ತೆಗೆದುಕೊಂಡೆವು. ಬೇಸಿಗೆ ತಿಂಗಳಿನದ್ದು ಬಿಡದೆ. ಸಂಘದ ಆಡಿಟ್ ಆದ ಲೆಕ್ಕವನ್ನೂ ನೋಡಿದೆವು. ನಡೆಸುವ ಖರ್ಚು 9,500 ಬಂತು. ಒಟ್ಟು 46,300. ಅವನ ಬಾಡಿಗೆ 17,000 ಕಳೆದರೆ 29,300. ಅಷ್ಟನ್ನು ತಿಂಗಳಾ ತಿಂಗಳಾ ಮುಟ್ಟಬಾರದ ಒಂದು ಖಾತೆಗೆ ಹಾಕುತ್ತಾ ಹೋಗೋದು, ಮನೆ ಆಗಲೇ ಕೊಂಡಿದ್ದೇವೆ ಅನ್ನೋ ಹಾಗೆ.

ಏಪ್ರಿಲ್, ಮೇ ಆಯಿತು. ಜೂನಿನಲ್ಲಿ ಇಬ್ಬರು ಮಕ್ಕಳ ಶಾಲೆ ಫೀಸು. 11,000 ಹಾಕುವಷ್ಟರಲ್ಲಿ ಸುಸ್ತು. ಆಗಸ್ಟಿನಲ್ಲಿ ಗೌರಿ ಗಣೇಶ, ಊರಿಗೆ ಹೋಗಿಬಂದದ್ದು, ಮತ್ತೆ ಕಡಿಮೆ ಬಿತ್ತು. "ಅಕ್ಕ, ಆಗ್ತಿಲ್ಲ" ಅಂತ ಫೋನ್ ಮಾಡಿದಾಗ ಅವನ ದನಿ ಸಣ್ಣಗಾಗಿತ್ತು. ನನಗೆ ಸಂಕಟವಾಯಿತು, ಆದರೆ ಸಮಾಧಾನವೂ ಆಯಿತು. ಆ ಸೋಲು ಬಾಡಿಗೆ ಮನೆಯಲ್ಲಿ, ಸಾಲಕ್ಕೆ ಸಹಿ ಹಾಕುವ ಮೊದಲು ಆಯಿತು. ಹಾಕಿದ ದುಡ್ಡು ಅವನ ಹತ್ತಿರವೇ ಇದೆ.

ಈಗ ಅವನು 36 ಲಕ್ಷದ ಸಾಲದಲ್ಲಿ ಆಗುವಂಥ ಮನೆ ಹುಡುಕುತ್ತಿದ್ದಾನೆ. ಕಂತು 30,100, ಲಿಫ್ಟ್ ಒಂದೇ ಇರುವ ಚಿಕ್ಕ ಕಟ್ಟಡ, ಹತ್ತು ವರ್ಷ ಹಳೆಯದಾದರೂ ಆಗಬಹುದು, ಕಾವೇರಿ ನೀರು ಇರಲೇಬೇಕು. ಕೆಂಗೇರಿ ಕಡೆ ಒಂದು ಸಿಕ್ಕಿದೆ. ಮಾರುವವರು ಸಂಘಕ್ಕೆ ಬಾಕಿ ಏನೂ ಇಲ್ಲ ಅಂತ ಪತ್ರ ತಂದುಕೊಡಲು ಒಪ್ಪಿದ್ದಾರೆ. ಮನೆ ಅವನ ಹೆಂಡತಿಗೂ ಹಿಡಿಸಿದೆ. ನಾವು ನೋಡಿದ್ದು ಮಳೆಗಾಲದಲ್ಲಿ, ಆಗ ಎಲ್ಲ ಟ್ಯಾಂಕೂ ತುಂಬಿರುತ್ತದೆ. ಏಪ್ರಿಲಿನಲ್ಲಿ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ಹೇಳದೆ ಹೋಗಿ, ಅಡುಗೆಮನೆಯ ನಲ್ಲಿ ತಿರುಗಿಸಿ ನೋಡೋಣ ಅಂದಿದ್ದೇನೆ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.